ಹೊಳೆಯ ಪೂರ್ವಾಪರ ಕೇಳಿದ ಮೇಷ್ಟ್ರು

ಮೇಷ್ಟ್ರ ಕಾಲುಗಳು ಮಂಡಿಯಿಂದ ಕೆಳಗೆ ಬೆಳ್ಳಗಿರುತ್ತಿದ್ದವು. ಮೈಬಣ್ಣವಲ್ಲ, ಸುಣ್ಣ. ಮಳೆಗಾಲ ಹಿಡಿಯಿತೆಂದರೆ ಹೊಗೆಸೊಪ್ಪು ನೆನೆಹಾಕಿದ ನೀರಿನಲ್ಲಿ ಸುಣ್ಣ ಕದಡಿ, ಗೋಡೆಗೆ ಬಳಿದಂತೆ ಎರಡೂ ಕಾಲಿಗೆ ಬಳಿದುಕೊಂಡು, ಪ್ಯಾಂಟನ್ನು ಮೇಲಕ್ಕೆ ಮಡಚಿ, ಹವಾಯಿ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಕಡೂರಿನ ಬಯಲಿನಿಂದ ಬಂದ ಆ ಮನುಷ್ಯನಿಗೆ ರಕ್ತ ಹೀರುವ ಇಂಬಳವೆಂದರೆ ಪ್ರಾಣಭಯ. ನಮ್ಮಲ್ಲಿ ಅಂಗನವಾಡಿಗೆ ಹೋಗುವ ಮಕ್ಕಳೂ ಇಂಬಳ ಕಿತ್ತು ಉಂಡೆ ಮಾಡಿ ಬಿಸಾಡುತ್ತವೆ. ಮೇಷ್ಟ್ರು ಮಾತ್ರ ಕಾಲಿಗೊಂದು ಹತ್ತಿದರೆ ನಮ್ಮ ಅಂಗಳದಲ್ಲಿ ಒಂಟಿ ಕಾಲಲ್ಲಿ ನಿಂತು, “ತಾಯೀ, ಒಂಚೂರು ಉಪ್ಪು” ಎಂದು ಕೂಗುತ್ತಿದ್ದರು. ಇಂಬಳಕ್ಕೆ ಇಷ್ಟು ಹೆದರುವವರು ಶಾಲೆ ಬಿಟ್ಟ ಕೂಡಲೇ ಹೊಳೆದಂಡೆಯ ಪೊದೆಗೇ ಯಾಕೆ ನುಗ್ಗಬೇಕು? ನನಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲಿ.

ಅನುಮಾನ ಪಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಹೇಳಿಬಿಡುತ್ತೇನೆ. ತೆಂಗಿನಕಾಯಿ ಕೊಂಡರೆ ಕಿವಿಯ ಹತ್ತಿರ ಅಲ್ಲಾಡಿಸಿ, ಬಟ್ಟೆ ಕೊಂಡರೆ ಮೂಲೆ ನೆನೆಸಿ ತಿಕ್ಕಿ ನೋಡುತ್ತಿದ್ದ ಅಮ್ಮನ ಮಗಳು. ಗೋಣಿಬೀಡಿನಿಂದ ಮದುವೆಯಾಗಿ ಸಂಸೆಯ ಆಚೆಗಿನ ಈ ಊರಿಗೆ ಬಂದರೆ, ಇಲ್ಲಿ ನಮ್ಮಮ್ಮನನ್ನೂ ಮೀರಿಸುವ ಮಾವ. ಬಾಗಿಲಿಗೆ ಯಾರೇ ಬರಲಿ, ಮಾವ ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಅವರ ಬೆನ್ನ ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು.

ಸುಮ್ಮನೆ ಅಲ್ಲ. ತೊಂಬತ್ತರ ದಶಕದ ಆ ವರ್ಷಗಳೇ ಹಾಗಿದ್ದವು. ಭದ್ರೆ ನಮ್ಮ ಗದ್ದೆಯ ಅಂಚು ಸವರಿಕೊಂಡು ಹರಿಯುತ್ತಾಳೆ. ನಮ್ಮ ಬಾಯಲ್ಲಿ ಅದು ಬರೀ ಹೊಳೆ. ಆ ಹೊಳೆಯ ಎರಡೂ ದಡಕ್ಕೆ ಆಗ ಯಾರ್ಯಾರೋ ಬರುತ್ತಿದ್ದರು. ಮೂರು ಕಾಲಿನ ದುರ್ಬೀನು ಇಟ್ಟು ನೋಡುವವರು, ಮರಗಳಿಗೆ ಬಣ್ಣ ಬಳಿದು ನಂಬರು ಹಾಕುವವರು, ಕಲ್ಲು ನೆಟ್ಟು ಹೋಗುವವರು. ಕೇಳಿದರೆ ಮುಗುಳುನಗೆ, ಅಷ್ಟೇ. ಕಾಡನ್ನೆಲ್ಲ ರಾಷ್ಟ್ರೀಯ ಉದ್ಯಾನ ಮಾಡುತ್ತಾರಂತೆ, ಹೊಳೆದಂಡೆಯವರನ್ನು ಎಬ್ಬಿಸುತ್ತಾರಂತೆ ಎಂಬ ಸುದ್ದಿ ಕಳಸದ ಸಂತೆಗೆ ಹೋದವರ ಚೀಲದಲ್ಲಿ ಉಪ್ಪು ಮೆಣಸಿನ ಜೊತೆ ಬರುತ್ತಿತ್ತು. ಒಂದು ವಾರ ಅಣೆಕಟ್ಟು, ಇನ್ನೊಂದು ವಾರ ಗಣಿ. ನಮ್ಮ ಹತ್ತಿರ ಇದ್ದದ್ದು ಒಂದು ಮನೆ, ಅದರ ಮುಂದೆ ಗದ್ದೆ, ಹಿಂದೆ ಒಂದಿಷ್ಟು ಕಾಫಿ. ಅದೂ ಹೋದರೆ ಎಲ್ಲಿಗೆ ಹೋಗುವುದು ಎಂಬ ಭಯ ಊಟಕ್ಕೆ ಕೂತಾಗಲೂ ಪಕ್ಕದಲ್ಲೇ ಕೂತಿರುತ್ತಿತ್ತು.

ಅಂಥ ಹೊತ್ತಿನಲ್ಲಿ ನಮ್ಮೂರ ಶಾಲೆಗೆ ವರ್ಗವಾಗಿ ಬಂದವರು ಮೇಷ್ಟ್ರು. ಹೆಂಡತಿ ಮಕ್ಕಳನ್ನು ಕಡೂರಿನಲ್ಲಿ ಬಿಟ್ಟು, ಶಾಲೆಯ ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದರು. ಹಾಲಿಗೆ ನಮ್ಮ ಮನೆಗೆ ಬರುತ್ತಿದ್ದರು. ಮೊದಲ ದಿನ ಪಾತ್ರೆ ಹಿಡಿದು ನಿಂತವರು ಹಾಲು ಗಟ್ಟಿಯೋ ನೀರೋ ಎಂದು ಕೇಳಲಿಲ್ಲ. “ತಾಯಿ, ಈ ಹೊಳೆ ಮೊದ್ಲಿಂದಾನೂ ಇಲ್ಲೇ ಹರೀತಿತ್ತಾ?” ಎಂದರು.

ಹೆಣ್ಣು ಕೊಡುವವರು ಹುಡುಗನ ಪೂರ್ವಾಪರ ವಿಚಾರಿಸುತ್ತಾರೆ, ಸರಿ. ಹೊಳೆಯ ಪೂರ್ವಾಪರ ವಿಚಾರಿಸುವವರನ್ನು ನಾನು ಅದೇ ಮೊದಲು ಕಂಡದ್ದು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿರಲೂ ಇಲ್ಲ.

ಅವರು ನನ್ನೊಬ್ಬಳನ್ನೇ ಕೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇಡೀ ಊರನ್ನು ಕೇಳಿದರು. ಸೇತುವೆ ಇಲ್ಲದಾಗ ಜನ ದಾಟುತ್ತಿದ್ದದ್ದು ಎಲ್ಲಿ? ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು ಹೊತ್ತ ಎತ್ತುಗಳು ಯಾವ ದಾರಿಯಲ್ಲಿ ಬರುತ್ತಿದ್ದವು? ಇಲ್ಲಿ ಮೊದಲ ಕಾಫಿ ಗಿಡ ನೆಟ್ಟವರು ಯಾರು? ಆ ಮನೆ ಪಾಳು ಬಿದ್ದದ್ದು ಯಾಕೆ, ಈ ಗದ್ದೆಗೆ ನೀರು ಬಂದದ್ದು ಹೇಗೆ? ಒಬ್ಬ ಮುದುಕ ಕೈಗೆ ಸಿಕ್ಕಿದರೆ ಅವನಿಗೆ ಎಲೆಯಡಿಕೆ ಕೊಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದರು. ಯಾವುದನ್ನೂ ಬರೆದುಕೊಳ್ಳುತ್ತಿರಲಿಲ್ಲ, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ನಮಗೆ ಅದೂ ಒಂದು ಅನುಮಾನವೇ. ಬರೆದುಕೊಂಡರೆ ಸರ್ಕಾರದವನು, ಬರೆದುಕೊಳ್ಳದಿದ್ದರೆ ಇನ್ನೂ ಮೇಲಿನ ಸರ್ಕಾರದವನು.

ಯಾಕೆ ಕೇಳುತ್ತೀರಿ ಎಂದು ನಾನೇ ಒಮ್ಮೆ ಬಾಯಿ ಬಿಟ್ಟು ಕೇಳಿದ್ದೆ. ತಮ್ಮೂರಿನಲ್ಲಿ ನೀರೆಂದರೆ ಕೆರೆಯಲ್ಲಿ ನಿಂತಿರುವುದು, ಹರಿಯುವ ನೀರಿನ ಪಕ್ಕ ಬದುಕಿದವರ ಕಥೆ ಬೇರೆಯೇ ಇರುತ್ತದೆ, ಕೇಳಲು ಆಸೆ ಎಂದರು. ಇದನ್ನು ಮಾವನಿಗೆ ಹೇಳಿದೆ. ಮಾವ ಹೊಗೆಸೊಪ್ಪು ಉಗುಳಿ ಬಂದು, “ಆಸೆಯಂತೆ ಆಸೆ. ಬೆಳ್ಳಗಿರೋದೆಲ್ಲ ಹಾಲಲ್ಲ, ನೋಡು ಮಗ. ಎಂತ ಕೇಳಿದ್ರೂ ಗೊತ್ತಿಲ್ಲ ಅನ್ನು. ಬಿಡದೇ ಹೋದ್ರೆ ಬೇರೆ ಎಂತಾದ್ರೂ ಹೇಳಿ ಕಳ್ಸು” ಎಂದರು.

ಮಾವ ನನಗೆ ಹೇಳಿದ್ದನ್ನೇ ಎಲ್ಲ ಮನೆಗಳಲ್ಲೂ ಹಿರಿಯರು ಹೇಳಿಕೊಟ್ಟಿರಬೇಕು. ಊರಿಗೆ ಊರೇ ಸೇರಿ ಆ ಮನುಷ್ಯನಿಗೆ ಸುಳ್ಳು ಹೇಳತೊಡಗಿತು. ಎತ್ತಿನ ದಾರಿ ಎಲ್ಲಿತ್ತು ಎಂದರೆ ಒಬ್ಬರು ಬಡಗಕ್ಕೆ ಕೈ ತೋರಿಸಿದರು, ಒಬ್ಬರು ತೆಂಕಕ್ಕೆ. ನಮ್ಮ ಮೇಲಿನಮನೆ ಗೌಡರಂತೂ, ಬಸ್ಸು ಬರುವುದಕ್ಕೆ ಮೊದಲು ಈ ಊರಿನಲ್ಲಿ ನರಪಿಳ್ಳೆ ಇರಲಿಲ್ಲ, ತಾವೂ ಬಸ್ಸಿನಲ್ಲೇ ಬಂದದ್ದು ಎಂದುಬಿಟ್ಟರು. ಅವರ ಮನೆಯ ಅಟ್ಟದ ತೊಲೆ ನೋಡಿದರೆ ಯಾವ ಬಸ್ಸಿಗಿಂತಲೂ ಹಳೆಯದೆಂದು ಕುರುಡನೂ ಹೇಳಬಹುದಿತ್ತು. ಎಲ್ಲರನ್ನೂ ಮೀರಿಸಿದವನು ಚಾದಂಗಡಿಯ ಕಾಕ. ಹೊಳೆಯ ತಿರುವಿನಲ್ಲಿ ಬಳೆಗುಂಡಿ ಅಂತ ಒಂದು ಆಳದ ಜಾಗ ಇದೆ. ಆ ಹೆಸರು ಯಾಕೆ ಬಂತೆಂದು ಮೇಷ್ಟ್ರು ಕೇಳಿದಾಗ ಕಾಕ ಚಾ ಎತ್ತಿ ಹೊಯ್ಯುತ್ತಲೇ, ಯಾವುದೋ ರಾಣಿ ಕಳಸಕ್ಕೆ ಹೊರಟವಳು ಇಲ್ಲಿ ಪಾತ್ರೆ ತೊಳೆಯುವಾಗ ಅವಳ ಬಳೆ ನೀರಿಗೆ ಬಿತ್ತು ಎಂದ. ರಾಣಿ ಯಾಕೆ ಪಾತ್ರೆ ತೊಳೆದಳು ಎಂದು ಮೇಷ್ಟ್ರು ಕೇಳಿದರಂತೆ. ಆವತ್ತು ಆಳುಗಳು ರಜೆ ಹಾಕಿದ್ದರು ಎಂದನಂತೆ ಕಾಕ. ಅಂಗಡಿಯಲ್ಲಿ ಕೂತವರೆಲ್ಲ ನಗು ತಡೆಯಲಾರದೆ ಲೋಟದೊಳಗೆ ಮುಖ ಹುದುಗಿಸಿದರಂತೆ. ಮೇಷ್ಟ್ರು ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, “ಇದ್ರೂ ಇರಬಹುದು” ಎಂದರಂತೆ.

ಅದು ಅವರ ಮಾತು. ಏನೇ ಹೇಳಿ, “ಇದ್ರೂ ಇರಬಹುದು.” ನಿನ್ನೆ ಒಬ್ಬರು ಹೇಳಿದ್ದಕ್ಕೂ ಇವತ್ತು ಇನ್ನೊಬ್ಬರು ಹೇಳಿದ್ದಕ್ಕೂ ತಾಳಮೇಳ ಇಲ್ಲದಿದ್ದರೆ, “ಎರಡೂ ಇದ್ರೂ ಇರಬಹುದು.” ಯಾರನ್ನೂ ಸುಳ್ಳುಗಾರ ಎಂದು ನೋಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ಮುಂದಿನ ವಾರ ನನ್ನ ಮಗ ಶಾಲೆಯಿಂದ ಬಂದು ರಾಣಿ ಪಾತ್ರೆ ತೊಳೆದ ಕಥೆಯನ್ನು ನನಗೇ ಹೇಳಿದ. ನಾನು ಮಾವನಿಗೆ ಹೇಳಿದೆ. ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ನಗು ನಿಂತದ್ದು ಮೇಷ್ಟ್ರು ಹೊಳೆ ದಾಟಿದ ಮೇಲೆ.

ನಮ್ಮ ಗದ್ದೆಯ ಎದುರಿಗೆ, ಹೊಳೆಯ ಆಚೆ ದಡದಲ್ಲಿ ಒಂದು ದಿಣ್ಣೆ ಇದೆ. ಲಾಂಟಾನದ ಮುಳ್ಳುಪೊದೆ ಮುಚ್ಚಿಕೊಂಡ ಆ ದಿಣ್ಣೆಯ ಮೇಲೆ ಒಂದು ಕಲ್ಲಿನ ತುಳಸಿಕಟ್ಟೆ, ಹೂತುಹೋದ ಒಂದು ಬಾವಿ, ಹಳೆಯ ಒಂದು ಹಲಸಿನ ಮರ. ಅದು ನಮ್ಮ ಮೂಲಮನೆಯ ಜಾಗ. ಮಾವನ ತಂದೆ, ಅವರ ತಂದೆ ಎಲ್ಲ ಬಾಳಿದ್ದು ಅಲ್ಲಿ. ಚಳಿಜ್ವರ ಬಂದು ಮನೆಯವರು ಒಬ್ಬೊಬ್ಬರಾಗಿ ಸತ್ತಾಗ, ಉಳಿದವರು ಈಚೆ ದಡಕ್ಕೆ ಬಂದು ಈಗಿನ ಮನೆ ಕಟ್ಟಿದರು. ಮಾವ ಆಗ ಸಣ್ಣ ಹುಡುಗ. ಅಳತೆಯವರು ಬಂದ ಮೇಲೆ ಆ ದಿಣ್ಣೆ ಕಾಡಿನ ಲೆಕ್ಕಕ್ಕೆ ಸೇರಿಹೋಯಿತು. ಆದರೂ ಮಾವ ಕದ್ದುಮುಚ್ಚಿ ಅಲ್ಲಿಯ ಕಾಳುಮೆಣಸು ಕುಯ್ಯುತ್ತಿದ್ದರು. ಗಾರ್ಡಿನ ಕಣ್ಣಿಗೆ ಬಿದ್ದರೆ ಕೇಸು, ಕೇಸಿನ ಹಿಂದೆಯೇ ಮನೆಗೂ ಗದ್ದೆಗೂ ನೋಟೀಸು ಎಂಬ ಹೆದರಿಕೆ ಅವರಿಗೆ.

ಒಂದು ಸಂಜೆ ಕಾಕನ ಅಂಗಡಿಯಲ್ಲಿ, ಮೇಲಿನಮನೆ ಗೌಡರೂ ಇನ್ನೂ ನಾಲ್ಕಾರು ಜನರೂ ಕೂತಿದ್ದಾಗ, ಮೇಷ್ಟ್ರು ಮಾವನನ್ನೇ ನೇರ ಕೇಳಿಬಿಟ್ಟರು. ಆ ದಿಣ್ಣೆಯ ಮೇಲಿನ ತುಳಸಿಕಟ್ಟೆ ಯಾರದು? ನಿಮ್ಮ ಕಡೆಯವರದೇ ಇರಬೇಕಲ್ಲವೇ?

“ನಮ್ಮದಲ್ಲ ಅದು,” ಎಂದರಂತೆ ಮಾವ. “ಯಾರೋ ಘಟ್ಟದ ಕೆಳಗಿನೋರು ಇದ್ರಂತೆ. ಜ್ವರ ಬಂದು ಸತ್ರಂತೆ. ನಮಗೂ ಅವ್ರಿಗೂ ಎಂತದೂ ಸಂಬಂಧ ಇಲ್ಲ.”

ಇದು ಅತ್ತೆಯ ಕಿವಿಗೆ ಬೀಳಲು ಹೊತ್ತು ಹಿಡಿಯಲಿಲ್ಲ. ಅತ್ತೆ ಗಂಡನಿಗೆ ಎದುರಾಡಿದವರಲ್ಲ. ಆವತ್ತು ಬಡಿಸುವಾಗ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, “ಹೆತ್ತೋರನ್ನೇ ಯಾರೋ ಅಂದು ಬಂದ್ರಲ್ಲ, ಗಂಟಲಲ್ಲಿ ಅನ್ನ ಇಳಿತದಾ?” ಎಂದರು. ಮನೆ ಉಳಿಸಿಕೊಳ್ಳಲು ಹೇಳಿದ ಮಾತದು ಎಂದು ನನ್ನ ಗಂಡ ಸಮಾಧಾನ ಮಾಡಲು ಹೋಗಿ ಬೈಸಿಕೊಂಡರು. ಅತ್ತೆ ಆ ಹೊತ್ತು ಊಟ ಮಾಡದೆ ಮಲಗಿದರು.

ಇದಾಗಿ ಸ್ವಲ್ಪ ದಿನಕ್ಕೆ ಮೇಷ್ಟ್ರು ಹಾಲಿಗೆ ಬಂದವರು ಒಂದು ತುಳಸಿ ಸಸಿ ಕೊಡುತ್ತೀರಾ ಎಂದು ಕೇಳಿದರು. ಒಂಟಿ ಗಂಡಸಿಗೆ ತುಳಸಿ ಯಾಕೆ ಎಂದು ಅನಿಸಿದರೂ ಮಣ್ಣು ಸಮೇತ ಕಿತ್ತು ಕೊಟ್ಟೆ. ಆ ಭಾನುವಾರ ನನ್ನ ಗಂಡ ಓಡಿ ಬಂದು, ಮೇಷ್ಟ್ರು ಆಚೆ ದಿಣ್ಣೆಯಲ್ಲಿ ಕತ್ತಿ ಗುದ್ದಲಿ ಹಿಡಿದು ಅಗೆಯುತ್ತಿದ್ದಾರೆ ಎಂದರು. ನನ್ನ ತಲೆಗೆ ತಟ್ಟನೆ ಹೊಳೆದದ್ದು ನಿಧಿ. ಹಳೆ ಕಲ್ಲು, ಹಳೆ ಬಾವಿ, ಹಳೆ ದಾರಿ ಕೇಳುವವರು ಮತ್ತೆ ಇನ್ನೇನು ಹುಡುಕುತ್ತಾರೆ? ಇಷ್ಟು ದಿನ ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾವ, ನನ್ನ ಗಂಡ, ಹಿಂದೆ ನಾನು. ಬೇಸಿಗೆಯ ಹೊಳೆ, ಮೊಣಕಾಲು ನೀರು. ದಾಟಿ ಹೋಗಿ ಲಾಂಟಾನದ ಹಿಂದೆ ಅಡಗಿ ನೋಡಿದರೆ ಮೇಷ್ಟ್ರು ಕಟ್ಟೆಯ ಸುತ್ತ ಮುಳ್ಳು ಸವರಿ, ಕಟ್ಟೆಯೊಳಗಿನ ಮಣ್ಣು ಸಡಿಲಿಸಿ, ನಾನು ಕೊಟ್ಟ ಸಸಿಯನ್ನು ನೆಟ್ಟು, ಚೊಂಬಿನಿಂದ ನೀರು ಹನಿಸುತ್ತಿದ್ದರು. ಕೈಯೆಲ್ಲ ತರಚಿತ್ತು. ಮಾವ ಮುಂದೆ ಬಂದು ಎಂತದಿದು ಎಂದು ಗದರಿದರು. ಮೇಷ್ಟ್ರು ಬೆಚ್ಚಿಬಿದ್ದು, ಅವರ ಕಡೆಯವರು ಯಾರೂ ಉಳಿದಿಲ್ಲ ಎಂದು ನೀವೇ ಹೇಳಿದಿರಲ್ಲ ಗೌಡರೇ, ಬರಿಯ ಕಟ್ಟೆ ನೋಡಲು ಆಗಲಿಲ್ಲ ಎಂದರು.

ಮಾವನ ಮುಖ ನಾನು ನೋಡಿದೆ. ಒಂದು ಗಳಿಗೆ ಬಾಯಿ ತೆರೆದರು. ಹೇಳಿಬಿಡುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ಹೊಳೆ ದಾಟಿ ವಾಪಸು ಬರುವಾಗ, ಗಿಡ ನೆಟ್ಟು ಜಾಗಕ್ಕೆ ಗುರುತು ಮಾಡಿಕೊಳ್ಳುತ್ತಿದ್ದಾರೆ, ನಾಳೆ ತನ್ನದೇ ಅನ್ನುತ್ತಾರೆ ನೋಡುತ್ತಿರು ಎಂದು ಮಗನಿಗೆ ಹೇಳಿದರು. ನಾನೂ ಹೌದು ಹೌದು ಅಂದೆ. ಹಗ್ಗವನ್ನು ಹಾವು ಎಂದು ಒಮ್ಮೆ ನಂಬಿದ ಮೇಲೆ ಅದು ಅಲ್ಲಾಡಿದ್ದೂ ಕಾಣುತ್ತದೆ.

ಆ ವರ್ಷವೋ ಮರುವರ್ಷವೋ ದೀಪಾವಳಿ ಅಮಾವಾಸ್ಯೆ. ನಮ್ಮಲ್ಲಿ ಆವತ್ತು ಹಿರಿಯರಿಗೆ ಎಡೆ ಇಡುತ್ತೇವೆ; ಬಾಳೆಲೆಯ ಮೇಲೆ ಕಡುಬು, ಕೋಳಿಸಾರು, ತೀರಿಹೋದವರು ಇಷ್ಟಪಡುತ್ತಿದ್ದದ್ದು. ಉಳಿದ ಮನೆಗಳಲ್ಲಿ ನಡುಮನೆಯಲ್ಲಿ ಇಡುತ್ತಾರೆ. ನಮ್ಮನೆಯಲ್ಲಿ ಮಾತ್ರ ಹಿತ್ತಲ ಬಾಗಿಲು ತೆಗೆದು, ಹೊಸ್ತಿಲ ಹತ್ತಿರ, ಹೊಳೆಯ ಕಡೆಗೆ ಇಡುವುದು. ಹಿರಿಯರು ಆಚೆ ದಡದಲ್ಲಿ ಇರುವವರು, ಅಲ್ಲಿಂದ ದಾಟಿ ಬರಬೇಕಲ್ಲ, ದಾರಿ ಬಿಟ್ಟಿರಬೇಕು ಎಂದು ಅತ್ತೆಯ ಲೆಕ್ಕ. ಎಡೆ ಇಟ್ಟು ಬಾಗಿಲು ತೆರೆದಿರುವಾಗಲೇ ಮೇಷ್ಟ್ರು ಹಾಲಿನ ಪಾತ್ರೆ ಹಿಡಿದು ಹಿತ್ತಲಿಗೆ ಬಂದರು. ಎಲೆ ನೋಡಿದರು. ಎಲೆಯ ಎದುರಿಗೆ ಹೊಳೆ, ಹೊಳೆಯ ಎದುರಿಗೆ ದಿಣ್ಣೆ. ತಿರುಗಿ ದಿಣ್ಣೆ ನೋಡಿದರು. ಎಡೆ ಯಾಕೆ ಹೊಳೆ ಕಡೆಗಿದೆ ತಾಯಿ ಎಂದು ಮೆಲ್ಲಗೆ ಕೇಳಿದರು.

ನನಗೆ ಗೊತ್ತಿಲ್ಲ, ಅತ್ತೆ ಹಾಗೇ ಇಡುತ್ತಾರೆ ಎಂದೆ.

ಅವತ್ತು ಅವರು ಇದ್ದರೂ ಇರಬಹುದು ಎನ್ನಲಿಲ್ಲ. ಪಾತ್ರೆ ಕೆಳಗಿಟ್ಟು, ಚಪ್ಪಲಿ ಕಳಚಿ, ಎಲೆಗೆ ಕೈ ಮುಗಿದು, ಹಾಲು ತೆಗೆದುಕೊಂಡು ಹೋದರು. ದಿಣ್ಣೆಯ ಮಾತನ್ನು ಮತ್ತೆ ಯಾವತ್ತೂ ನಮ್ಮ ಮನೆಯಲ್ಲಿ ಎತ್ತಲಿಲ್ಲ. ಅವರಿಗೆ ಗೊತ್ತಾಗಿಹೋಯಿತು ಎಂದು ನನಗೂ ಗೊತ್ತಾಯಿತು. ಇನ್ನು ಯಾರಿಗೆ ಹೋಗಿ ಹೇಳುತ್ತಾರೋ ಎಂದು ಎಷ್ಟೋ ದಿನ ಹೆದರಿಕೊಂಡಿದ್ದೆ.

ಅವರು ಯಾರಿಗೂ ಹೇಳಲಿಲ್ಲ. ವರ್ಷಗಳು ಹೋದವು. ಕಾಕ ತೀರಿಕೊಂಡ, ಅಂಗಡಿಗೆ ಅವನ ಅಳಿಯ ಬಂದ. ಕಾಡಿನೊಳಗೆ ಬಂದೂಕಿನವರು ಓಡಾಡುತ್ತಾರೆ ಎಂದು ಪೊಲೀಸರು ಬಂದು ಮನೆಮನೆ ವಿಚಾರಿಸಿದ ಕಾಲದಲ್ಲಿ, ಹೊಳೆದಂಡೆ ತಿರುಗುವ ಮೇಷ್ಟ್ರ ಮೇಲೆ ಅವರ ಕಣ್ಣೂ ಬಿತ್ತು. ಸ್ಟೇಷನ್ನಿಗೆ ಕರೆಸಿ ಕೂರಿಸಿಕೊಂಡು ಕಳಿಸಿದರು. ಊರಿನಲ್ಲಿ ಒಬ್ಬರೂ ಹೋಗಿ ಆ ಮನುಷ್ಯ ಒಳ್ಳೆಯವರು ಎನ್ನಲಿಲ್ಲ. ನಿವೃತ್ತರಾದ ಮೇಲಾದರೂ ಕಡೂರಿಗೆ ಹೋಗುತ್ತಾರೆ ಅಂದುಕೊಂಡರೆ, ಹೆಂಡತಿಯನ್ನೇ ಕರೆಸಿಕೊಂಡು ಕಳಸದಲ್ಲಿ ಬಾಡಿಗೆ ಮನೆ ಹಿಡಿದರು. ಪಿಂಚಣಿ ಬರುವ ಮನುಷ್ಯ ಸ್ವಂತ ಊರು ಬಿಟ್ಟು ಇಲ್ಲಿ ಯಾಕೆ ಸಾಯುತ್ತಾನೆ ಎಂದು ಸಂತೆಗೆ ಹೋಗುವ ಜೀಪಿನಲ್ಲಿ ಕೂತವರು ಮಾತಾಡಿಕೊಂಡರು. ನಾನೂ ಆ ಜೀಪಿನಲ್ಲಿದ್ದೆ.

ಆಮೇಲೆ ಬಂತು ಹೊಸ ಕಾಯ್ದೆ. ಕಾಡಿನ ಲೆಕ್ಕಕ್ಕೆ ಸೇರಿದ ಜಾಗದಲ್ಲಿ ಮೂರು ತಲೆಮಾರಿನಿಂದ ಬಾಳಿದವರಿದ್ದರೆ ಅವರಿಗೆ ಹಕ್ಕುಪತ್ರ, ಇಲ್ಲದವರು ಒತ್ತುವರಿದಾರರು. ಹಳೆಯ ಮನೆಯ ಪಾಯ, ಬಾವಿ, ಕಟ್ಟೆ, ಗೊತ್ತಿದ್ದವರ ಸಾಕ್ಷಿ, ಇವೆಲ್ಲ ನಡೆಯುತ್ತವೆ ಎಂದರು. ಮಾವ ಒಂದೇ ವಾರದಲ್ಲಿ ಇಳಿದುಹೋದರು. ಅಷ್ಟರಲ್ಲಿ ಕಾಡಿನ ಲೆಕ್ಕಕ್ಕೆ ಸೇರಿಹೋಗಿದ್ದ ಈಗಿನ ಮನೆ ಕಟ್ಟಿದ್ದು ಅವರ ಬಾಲ್ಯದಲ್ಲಿ. ಅಷ್ಟು ಹಳೆಯದು ಸಾಲದು. ಮನೆ, ಗದ್ದೆ, ಕಾಫಿ ಎಲ್ಲ ಉಳಿಯಬೇಕಾದರೆ ಹೊಳೆಯಾಚೆಯ ದಿಣ್ಣೆಯನ್ನೇ ತೋರಿಸಿ, ಅದು ನಮ್ಮ ಅಜ್ಜನ ಮನೆ ಎನ್ನಬೇಕು. ಯಾವುದನ್ನು ಊರ ಮುಂದೆ ನಮ್ಮದಲ್ಲ ಎಂದಿದ್ದರೋ ಅದನ್ನೇ.

ಶಾಲೆಯ ಜಗಲಿಯಲ್ಲಿ ವಿಚಾರಣೆ. ಊರಿನ ಸಮಿತಿಯವರು ಒಂದು ಕಡೆ, ತಾಲ್ಲೂಕಿನಿಂದ ಬಂದ ಅಧಿಕಾರಿ ಮಧ್ಯೆ. ಮಾವ ಎದ್ದು ನಿಂತು ಹೇಳಿದರು. ಹೇಳಿ ಮುಗಿಸುವುದೇ ತಡ, ಮೇಲಿನಮನೆ ಗೌಡರು ಎದ್ದರು. ಅವರಿಗೂ ನಮಗೂ ಗದ್ದೆಯ ಕಾಲುವೆ ನೀರಿನ ಹಳೆಯ ಜಗಳ. ಆ ದಿಣ್ಣೆ ತಮ್ಮದಲ್ಲ ಎಂದು ಇವರೇ ಕಾಕನ ಅಂಗಡಿಯಲ್ಲಿ ಮೇಷ್ಟ್ರ ಹತ್ತಿರ ಹೇಳಿದ್ದಾರೆ, ಬೇಕಾದರೆ ಮೇಷ್ಟ್ರನ್ನೇ ಕರೆಸಿ ಕೇಳಿ ಎಂದರು. ಆವತ್ತು ಅಂಗಡಿಯಲ್ಲಿ ಕೂತಿದ್ದ ಉಳಿದವರು ನೆಲ ನೋಡುತ್ತಿದ್ದರು. ಅವರೂ ತಮ್ಮ ತಮ್ಮ ಜಾಗದ ಬಗ್ಗೆ ಅಂಥದ್ದೇ ಹೇಳಿದವರು, ಬಾಯಿ ಬಿಟ್ಟರೆ ತಮ್ಮದೂ ಹೊರಬೀಳುತ್ತದೆ. ಅಧಿಕಾರಿಗೆ ಇದು ಒಳ್ಳೆಯದೇ ಎಂದು ಕಂಡಿತು. ಮೇಷ್ಟ್ರಿಗೆ ಇಲ್ಲಿ ಒಂದಂಗುಲ ಜಮೀನಿಲ್ಲ, ಯಾರ ನೆಂಟರೂ ಅಲ್ಲ, ಅವರು ಹೇಳಿದಂತೆ ಆಗಲಿ ಎಂದು ಕಳಸಕ್ಕೆ ಜೀಪು ಕಳಿಸಿದರು.

ಆ ಜೀಪು ಹೋಗಿ ಬರುವ ತನಕ ನಾವು ಕೂತ ಪಾಡು ಯಾರಿಗೂ ಬೇಡ. ಅತ್ತೆ ಸೆರಗು ಕಚ್ಚಿಕೊಂಡು ಕಂಬಕ್ಕೆ ಒರಗಿದ್ದರು. ಮಾವ ನನ್ನ ಗಂಡನಿಗೆ, ಮುಗೀತು, ಇಷ್ಟು ವರ್ಷ ಈ ಒಂದು ದಿನಕ್ಕೇ ಆ ಮನುಷ್ಯ ಕಾದಿದ್ದು ಎಂದು ಪಿಸುಗುಟ್ಟಿದರು. ನಾವು ಅವರ ಮೇಲೆ ಪಟ್ಟ ಅನುಮಾನವೆಲ್ಲ ಅವರಿಗೆ ಗೊತ್ತಿರಲೇಬೇಕು, ಇವತ್ತು ಬಡ್ಡಿ ಸಮೇತ ತೀರಿಸುತ್ತಾರೆ ಎಂದು ನನಗೂ ಅನಿಸಿತು.

ಮೇಷ್ಟ್ರು ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ಅಧಿಕಾರಿ ಕುರ್ಚಿ ಕೊಟ್ಟರೂ ಕೂರಲಿಲ್ಲ. ಆ ಜಾಗ ತಮ್ಮದಲ್ಲ ಎಂದು ಇವರು ನಿಮ್ಮ ಹತ್ತಿರ ಹೇಳಿದ್ದು ನಿಜವೇ ಎಂದು ಕೇಳಲಾಯಿತು.

ಮೇಷ್ಟ್ರು ಮಾವನನ್ನು ನೋಡಲಿಲ್ಲ. ಜಗಲಿಯ ಆಚೆ, ಶಾಲೆಯ ಮಕ್ಕಳು ಕಿಟಕಿಯಲ್ಲಿ ಇಣುಕುತ್ತಿದ್ದರು, ಅವರನ್ನು ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, “ಇಲ್ಲ. ನಮ್ಮ ಹಿರೀಕರ ಮನೆ ಅದು ಅಂತಾನೇ ಹೇಳಿದ್ರು. ದೀಪಾವಳೀಲಿ ಇವ್ರು ಎಡೆ ಇಡೋದೂ ಆ ದಿಣ್ಣೆ ಕಡೆಗೇ. ನಾನೇ ಕಣ್ಣಾರೆ ಕಂಡಿದೀನಿ” ಎಂದರು.

ಮೇಲಿನಮನೆ ಗೌಡರು ಇದು ಅನ್ಯಾಯ, ಸುಳ್ಳು ಎಂದು ಎದ್ದರು. ಮೇಷ್ಟ್ರು ಅವರಿಗೆ, “ಬಸ್ಸು ಬರೋಕೆ ಮುಂಚೆ ನೀವೆಲ್ಲಿದ್ರಿ ಅಂತ ಹೇಳಿದ್ದೂ ನೆನಪೈತೆ ಗೌಡ್ರೇ. ಇಲ್ಲೇ ಹೇಳ್ಲಾ?” ಎಂದರು. ಗೌಡರು ಕೂತರು. ಅವರದೂ ಅರ್ಜಿ ಇತ್ತಲ್ಲ.

ಅಲ್ಲಿಗೆ ಮುಗಿಯಿತು. ಅಧಿಕಾರಿ ಹೊಳೆ ದಾಟಿ ಹೋಗಿ ಕಟ್ಟೆಯನ್ನೂ ಬಾವಿಯನ್ನೂ ನೋಡಿ ಬಂದರು. ನಾನು ಮನೆಗೆ ಓಡಿ ಕಾಫಿ ಮಾಡಿ ತಂದೆ. ಅಷ್ಟು ಹೊತ್ತಿಗೆ ಮೇಷ್ಟ್ರು ಜೀಪಿನ ಹತ್ತಿರ ನಿಂತಿದ್ದರು. ಮಾವ ಅವರ ಮುಂದೆ ಹೋಗಿ ಎರಡೂ ಕೈ ಎತ್ತಿ ಮುಗಿದರು. ಮಾವ ಹಾಗೆ ಕೈ ಮುಗಿದದ್ದನ್ನು ನಾನು ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

“ಕೈ ಮುಗೀಬೇಡಿ ಗೌಡ್ರೇ,” ಎಂದರು ಮೇಷ್ಟ್ರು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. “ಸುಳ್ಳು ಹೇಳ್ಬೇಡ್ರೋ ಅಂತ ಮಕ್ಕಳಿಗೆ ಹೇಳ್ಕೊಂಡೇ ಮುದುಕ ಆದೋನು ನಾನು. ಇವತ್ತು ಇದೇ ಇಸ್ಕೂಲಲ್ಲಿ ನಿಂತು ಸುಳ್ಳು ಹೇಳ್ದೆ. ಅವತ್ತು ನೀವು ಒಂದೇ ಒಂದು ನಿಜ ಹೇಳಿದ್ರೆ ನಂಗೆ ಇದು ಬರ್ತಿರ್ಲಿಲ್ಲ.”

ನನ್ನ ಕೈಯಲ್ಲಿದ್ದ ಕಾಫಿ ಲೋಟ ನೋಡಿ ಬೇಡ ತಾಯಿ ಎಂದು ಜೀಪು ಹತ್ತಿದರು.

ಮಾವನಿಗೆ ಆ ಮಾತು ಹೊಟ್ಟೆಯೊಳಗೆ ಇಳಿದದ್ದು ನಿಜ. ಆದರೂ ಹುಟ್ಟುಗುಣ. ಆ ಸಂಜೆಯೇ, “ಅಲ್ಲ ಮಾರಾಯ, ಎಂತಕೆ ಹೇಳಿದ್ರು ಹಾಗೆ? ಅವ್ರಿಗೆ ಇದ್ರಲ್ಲಿ ಎಂತ ಇದೆ?” ಎಂದು ಮಗನನ್ನು ಕೇಳಿದರು. ಇನ್ನು ಮೇಷ್ಟ್ರು ಏನೋ ಕೇಳಿಕೊಂಡು ಬಂದೇ ಬರುತ್ತಾರೆ, ಒಂದು ಸೈಟೋ, ಮಗನಿಗೆ ಒಂದು ಕೆಲಸವೋ ಎಂದು ಕಾದರು. ಹಕ್ಕುಪತ್ರ ಕೈಗೆ ಬಂತು. ಮೇಷ್ಟ್ರು ಬರಲಿಲ್ಲ. ಹಕ್ಕುಪತ್ರ ಬಂದ ಮಾರನೆಯ ಮಳೆಗಾಲ ಮಾವ ಹೋದರು, ಹಿಂದೆಯೇ ಅತ್ತೆ. ಯಾವ ಲಾಭವೂ ಇಲ್ಲದೆ ಒಬ್ಬ ಮನುಷ್ಯ ನಮಗಾಗಿ ಅಷ್ಟು ಮಾಡಿದ ಎಂಬುದು ಮಾವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ ಎಂದು ಕಾಣುತ್ತದೆ.

ಕಳಸದಲ್ಲಿ ಮೇಷ್ಟ್ರನ್ನು ಕಂಡವರು ಹೇಳುತ್ತಿದ್ದರು. ಅವರು ಈಗ ಯಾರನ್ನೂ ಏನೂ ಕೇಳುವುದಿಲ್ಲ. ಸಂತೆಯಲ್ಲಿ ಮುದುಕರು ಸಿಕ್ಕಿದರೂ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ಹೊಳೆಯ ಕಡೆ ಹೋಗುವುದನ್ನೂ ಬಿಟ್ಟಿದ್ದಾರೆ. ಇದನ್ನು ಕೇಳಿ ನನಗೆ ಸಂಕಟವಾಯಿತು. ಜ್ವರ ಬಂದು ಮಲಗಿದ್ದಾರೆ ಎಂದು ತಿಳಿದಾಗ ಇನ್ನು ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಅವರಿಗೆ ಕೊಡಬೇಕಾದದ್ದು ಒಂದೇ, ಅದನ್ನು ಕೊಟ್ಟುಬರೋಣ ಎಂದು ಒಬ್ಬಳೇ ಹೊರಟೆ.

ಹೆಂಡತಿ ಬಾಗಿಲು ತೆಗೆದರು. ಮೇಷ್ಟ್ರು ದಿಂಬಿಗೆ ಒರಗಿ ಕೂತಿದ್ದರು. ಗುರುತು ಹಿಡಿದು, ಬಾ ತಾಯಿ ಎಂದರು. ನಾನು ನೆಲದ ಮೇಲೆ ಕೂತು, ಅವರು ಕೇಳದೆಯೇ ಹೇಳಿದೆ. ಅಕ್ಕಿ ಕೇರುವಾಗ, ಮೆಣಸು ಬಿಡಿಸುವಾಗ ಅತ್ತೆ ಮಗನಿಗೂ ಹೇಳದೆ ನನ್ನೊಬ್ಬಳಿಗೇ ಹೇಳಿದ್ದು ಅಷ್ಟನ್ನೂ. ಮಾವನ ಮುತ್ತಜ್ಜ ಘಟ್ಟದ ಕೆಳಗಿನಿಂದ ಉಪ್ಪಿನ ಎತ್ತು ಹೊಡೆದುಕೊಂಡು ಬಂದವರು. ಜ್ವರ ಬಂದು ದಾರಿಯಲ್ಲಿ ಬಿದ್ದಾಗ ಇಲ್ಲಿಯವರು ಎತ್ತಿಕೊಂಡು ಹೋಗಿ ಬದುಕಿಸಿದರು, ಬದುಕಿಸಿದ ಮನೆಯ ಹುಡುಗಿಯನ್ನೇ ಮದುವೆಯಾದರು. ಮೊದಲ ಮಗು ಉಳಿದ ವರ್ಷ ಆ ಕಟ್ಟೆ ಕಟ್ಟಿದರು. ಮುಂದೆ ದಿಣ್ಣೆ ಬಿಟ್ಟು ಬರುವಾಗ ಉಳಿದವರು ಮನೆಯ ಬಾಗಿಲನ್ನು ಕಿತ್ತು ಹೆಗಲ ಮೇಲೆ ಹೊತ್ತು ಹೊಳೆ ದಾಟಿದರು. ಈಗ ನಮ್ಮ ಮನೆಗಿರುವುದು ಅದೇ ಬಾಗಿಲು. ಎಮ್ಮೆಗಳು ಮಾತ್ರ ಹೊಸ ಮನೆಯನ್ನು ಒಪ್ಪಲಿಲ್ಲ. ದಿನಾ ಸಂಜೆ ಈಜಿಕೊಂಡು ಆಚೆ ದಡಕ್ಕೆ ಹೋಗಿ, ಮನೆಯಿಲ್ಲದ ಅಂಗಳದಲ್ಲಿ ನಿಂತು ಕೂಗುತ್ತಿದ್ದವು. ಮಾವ ಹುಡುಗರಾಗಿದ್ದಾಗ ಅವನ್ನು ಹೊಡೆದುಕೊಂಡು ಬರುವುದೇ ಕೆಲಸವಂತೆ. ಒಂದು ದಿನ ಗಬ್ಬದ ಎಮ್ಮೆಯೊಂದು ಮಳೆಯ ಹೊಳೆಗೆ ಇಳಿದು ಕೊಚ್ಚಿಹೋಯಿತು. ಆಮೇಲೆ ಮಾವ ಆ ಎಮ್ಮೆಯ ಹೆಸರು ಯಾರೂ ಎತ್ತಬಾರದು ಎನ್ನುತ್ತಿದ್ದರಂತೆ.

ಹೇಳುತ್ತಾ ನನಗೆ ಅಳು ಬಂತು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದು ನನ್ನ ಮುಖವನ್ನೇ ನೋಡಿದರು.

“ಇದು ನಿಜಾನಾ ತಾಯಿ?”

ನಿಜ ಮೇಷ್ಟ್ರೇ, ನನ್ನ ಮಗನಾಣೆ ಎಂದೆ.

ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾವು, ಆ ಊರಿನವರು, ಯಾರಾದರೂ ಬಾಗಿಲಿಗೆ ಬಂದಾಗ ನೋಡುತ್ತೇವಲ್ಲ, ಆ ನೋಟ. ಅದನ್ನು ಅವರಿಗೆ ಕಲಿಸಿದವರು ನಾವೇ ಎಂದು ನನಗೆ ಆ ಕ್ಷಣ ಗೊತ್ತಾಯಿತು.

“ಆಗ್ಲಿ ತಾಯಿ,” ಎಂದರು. “ವಾಸಿಯಾದ್ಮೇಲೆ ಇನ್ನೊಬ್ರನ್ನ ಕೇಳಿ ನೋಡ್ತೀನಿ.”

ಆ ವಾರ ಕಳೆಯುವುದರೊಳಗೆ ಮೇಷ್ಟ್ರು ಹೋದರು. ಕೇಳಲು ಇನ್ನೊಬ್ಬರು ಇರಲಿಲ್ಲ, ಆ ಕಥೆ ಬಲ್ಲವಳು ನಾನೊಬ್ಬಳೇ ಉಳಿದಿದ್ದೆ. ಆವತ್ತು ಅಲ್ಲಿ ಕೂತು, ಕೇಳಲು ಇನ್ನೊಬ್ಬರಿಲ್ಲ ಎಂಬ ಮಾತನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.